ದೋಣಿ ಬಾರದ ಕಾಲುವೆ

ನಮ್ಮ ಮೊರಬದ ಕಡೆ ಕಾಲುವೆಗೆ ‘ಕೆನಾಲು’ ಎಂದೇ ಅನ್ನುತ್ತಾರೆ. ಇಂಗ್ಲಿಷಿನ ಈ ಮಾತು ಎರಿಹೊಲದ ಮಣ್ಣಿನಲ್ಲಿ ಎಷ್ಟು ಬೆರೆತುಹೋಗಿದೆಯೆಂದರೆ, ಶಾಲೆಯ ಮೆಟ್ಟಿಲು ಹತ್ತದ ಮುದುಕಿಯರು ಸಹ ‘ಕೆನಾಲಿಗೆ ನೀರ ಬಿಟ್ಟಾರೇನವಾ?’ ಎಂದು ಕೇಳುತ್ತಾರೆ. ಮಾತು ಅವರದೇ ಆಗಿಬಿಟ್ಟಿದೆ. ಆದರೆ ಆ ಮಾತನ್ನು ನಮಗೆ ಕೊಟ್ಟ ನಾಡಿನಲ್ಲಿ ಕೆನಾಲು ಅಂದೊಡನೆ ಜನಕ್ಕೆ ನೆನಪಾಗುವುದು ಹೊಲವೂ ಅಲ್ಲ, ಬೆಳೆಯೂ ಅಲ್ಲ, ದೋಣಿ. ಒಂದೇ ಹೆಸರಿನ ಎರಡು ನೀರಿನ ಹಾದಿಗಳು ಹೀಗೆ ಬೇರೆ ಬೇರೆ ಬಾಳು ಬಾಳಿದ್ದು ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದರಲ್ಲಿ ನಮ್ಮ ಹತ್ತಿಯ ಕಥೆ ಇದೆ, ಕೊಡ ಹೊತ್ತ ಹೆಣ್ಣುಮಕ್ಕಳ ಕಥೆಯೂ ಇದೆ.

ಇಂಗ್ಲೆಂಡಿನ ಕೆನಾಲಿನ ದೋಣಿಗಳ ಚಿತ್ರವನ್ನು ನೀವು ಕ್ಯಾಲೆಂಡರಿನಲ್ಲೋ ಟಿವಿಯಲ್ಲೋ ನೋಡಿರಬಹುದು. ಅಗಲ ಏಳು ಅಡಿಗೂ ತುಸು ಕಡಿಮೆ, ಉದ್ದ ಮಾತ್ರ 70 ಅಡಿಯವರೆಗೆ. ನಮ್ಮ ಕಡೆಯ ಒಂದು ಪಡಸಾಲೆಯನ್ನು ಕಿತ್ತು ನೀರಿನ ಮೇಲೆ ಇಟ್ಟಂತೆ ಕಾಣುತ್ತದೆ. ಅದಕ್ಕೆ ನ್ಯಾರೋಬೋಟ್, ಅಂದರೆ ಇಕ್ಕಟ್ಟಿನ ದೋಣಿ ಎಂದೇ ಹೆಸರು. ಒಳಗೆ ಒಲೆ, ಹಾಸಿಗೆ, ಮಡಚುವ ಮೇಜು. ಕಿಟಕಿಗೆ ಕಸೂತಿಯ ಪರದೆ. ವೇಗ ಗಂಟೆಗೆ ನಾಲ್ಕು ಮೈಲಿ ಮೀರಬಾರದೆಂದು ಕಟ್ಟಳೆ. ಅಷ್ಟು ವೇಗವಾಗಿ ನಮ್ಮ ಜಾತ್ರೆಗೆ ಹೋಗುವ ಹೆಂಗಸರು ಮಾತಾಡಿಕೊಂಡೇ ನಡೆದಾರು! ರಜೆ ಹಾಕಿದ ಗಂಡ ಹೆಂಡಿರು, ಪೆನ್ಶನ್ನಿನ ಮುದುಕರು ಇದರಲ್ಲಿ ವಾರಗಟ್ಟಲೆ ಸಾಗುತ್ತಾರೆ. ಸಂಜೆಗೆ ಯಾವುದಾದರೂ ಹಳ್ಳಿಯ ದಂಡೆಗೆ ದೋಣಿ ಕಟ್ಟಿ, ಅಲ್ಲಿಯ ಪಬ್ಬಿಗೆ ಹೋಗಿ ಕೂಡುತ್ತಾರೆ.

ಪಬ್ಬು ಅಂದೊಡನೆ ನಮ್ಮ ಹೆಣ್ಣುಮಕ್ಕಳಿಗೆ ಸೆರೆ ಅಂಗಡಿ ನೆನಪಾಗಿ ಮುಖ ಗಂಟಿಕ್ಕುತ್ತದೆ. ಅದು ತಪ್ಪಲ್ಲ, ನಮ್ಮ ಹಳ್ಳಿಗಳಲ್ಲಿ ಸೆರೆ ಅಂಗಡಿ ಒಡೆದ ಮನೆಗಳ ಲೆಕ್ಕ ನಮಗೆ ಗೊತ್ತಿದೆ. ಅವರ ಹಳ್ಳಿಯ ಪಬ್ಬಿನಲ್ಲೂ ಕುಡಿತ ಇದ್ದೇ ಇದೆ. ಆದರೆ ಅದರಲ್ಲಿ ನಮ್ಮ ಖಾನಾವಳಿ, ಚಾದಂಗಡಿ, ಊರ ಚಾವಡಿಯ ಕಟ್ಟೆ ಮೂರೂ ಸೇರಿಕೊಂಡಿವೆ. ಹೆಂಗಸರು ಮಕ್ಕಳು ಕೂಡಿ ಕುಳಿತು ಉಣ್ಣುತ್ತಾರೆ, ಊರ ಸುದ್ದಿ ಅಲ್ಲೇ ಕಿವಿಗೆ ಬೀಳುತ್ತದೆ. ಕೆನಾಲಿನ ದಂಡೆಯ ಪಬ್ಬುಗಳಿಗೆ ಇನ್ನೂ ಒಂದು ಕೆಲಸವಿತ್ತು. ಹಳೆಯ ಕಾಲದಲ್ಲಿ ದೋಣಿಯನ್ನು ಎಳೆಯುತ್ತಿದ್ದುದು ಕುದುರೆ. ದಂಡೆಗುಂಟ ಇರುವ ಕಾಲುಹಾದಿಯಲ್ಲಿ ಕುದುರೆ ನಡೆಯುತ್ತ ಹಗ್ಗದಿಂದ ದೋಣಿ ಎಳೆಯುತ್ತಿತ್ತು. ರಾತ್ರಿ ಅದಕ್ಕೆ ಮೇವು, ಲಾಯ ಬೇಕಲ್ಲ? ಪಬ್ಬಿನ ಹಿತ್ತಿಲಲ್ಲಿ ಆ ಲಾಯ ಇರುತ್ತಿತ್ತು. ಚಕ್ಕಡಿಯವರಿಗೆ ಧರ್ಮಶಾಲೆ ಹೇಗೋ, ದೋಣಿಯವರಿಗೆ ಅದು ಹಾಗೆ.

ಈ ದೋಣಿಗಳು ಹುಟ್ಟಿದ್ದು ವಿಹಾರಕ್ಕಲ್ಲ, ಹೇರು ಸಾಗಿಸಲಿಕ್ಕೆ. 1761ರಲ್ಲಿ ಬ್ರಿಜ್‌ವಾಟರಿನ ಡ್ಯೂಕನು ತನ್ನ ವರ್ಸ್ಲಿಯ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಒಯ್ಯಲು ಕೆನಾಲು ತೋಡಿಸಿದ. ಅದನ್ನು ಕಟ್ಟಿದ ಎಂಜಿನಿಯರುಗಳಲ್ಲಿ ದೊಡ್ಡ ಹೆಸರು ಜೇಮ್ಸ್ ಬ್ರಿಂಡ್ಲಿಯದು. ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಧಾರಣೆ ಅರ್ಧಕ್ಕೆ ಇಳಿಯಿತು. ಮುಂದೆ ಪಿಂಗಾಣಿಯ ವೆಜ್‌ವುಡ್ ಮೊದಲಾದವರು ಮುಂದಾಗಿ, ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಕೂಡಿಸುವ ಕೆನಾಲು 1777ಕ್ಕೆ ಮುಗಿಯಿತು. ಕುಲುಕುವ ಗಾಡಿಯಲ್ಲಿ ಒಡೆದುಹೋಗುತ್ತಿದ್ದ ಬಟ್ಟಲು ಬಸಿಗಳು ನೀರಿನ ಮೇಲೆ ಅಲುಗಾಡದೆ ಊರು ಮುಟ್ಟತೊಡಗಿದವು. ಲೆಕ್ಕ ನೋಡಿ: ಒಂದು ಕುದುರೆ ರಸ್ತೆಯ ಮೇಲೆ ಗಾಡಿ ಕಟ್ಟಿ ಎಳೆದರೆ ಒಂದೆರಡು ಟನ್ನು, ಅದೇ ಕುದುರೆ ನೀರಿನ ಮೇಲಿನ ದೋಣಿಯನ್ನು ಎಳೆದರೆ 25 ಟನ್ನು.

ನೆಲ ಏರುವಲ್ಲಿ, ಇಳಿಯುವಲ್ಲಿ ದೋಣಿ ಏನು ಮಾಡಬೇಕು? ಅದಕ್ಕೆ ಅವರು ಕಂಡ ಉಪಾಯ ‘ಲಾಕು’. ಇದನ್ನು ನೀರಿನ ಮೆಟ್ಟಿಲು ಎನ್ನಬಹುದು. ಕಲ್ಲಿನ ಒಂದು ಉದ್ದನೆಯ ಹೊಂಡ, ಹಿಂದೆ ಮುಂದೆ ಕಟ್ಟಿಗೆಯ ಕದ. ದೋಣಿ ಒಳಗೆ ಬಂದ ಮೇಲೆ ಕದ ಮುಚ್ಚಿ, ಕೆಳಗಿನ ತೂಬು ತೆರೆದರೆ ಹೊಂಡದ ನೀರು ಇಳಿಯುತ್ತದೆ. ಅದರ ಸಂಗಡ ದೋಣಿಯೂ ಇಳಿಯುತ್ತದೆ. ಆಮೇಲೆ ಮುಂದಿನ ಕದ ತೆಗೆದು ಸಾಗುವುದು. ಏರಬೇಕಾದರೆ ಮೇಲಿನಿಂದ ನೀರು ತುಂಬಿಸುವುದು. ಬ್ರಿಂಡ್ಲಿ ಕೆನಾಲು ತೋಡುವಾಗ ಖರ್ಚು, ನೀರು ಎರಡೂ ಉಳಿಯಲೆಂದು ಲಾಕುಗಳನ್ನು ಏಳು ಅಡಿ ಅಗಲಕ್ಕೆ ಇಟ್ಟ. ಅದಕ್ಕೇ ದೋಣಿಗಳು ಇಕ್ಕಟ್ಟಾದವು. ಅಷ್ಟು ಇಕ್ಕಟ್ಟಿನ ಲಾಕಾದರೂ ಒಂದು ಸಲ ಖಾಲಿಯಾದರೆ ಒಂದು ಲಕ್ಷ ಲೀಟರಿಗೂ ಮಿಕ್ಕಿ ನೀರು ಕೆಳಗೆ ಹೋಗುತ್ತದೆ. ಈ ಒಂದು ಅಂಕಿಯನ್ನು ದಯವಿಟ್ಟು ಸೆರಗಿನ ತುದಿಗೆ ಕಟ್ಟಿಕೊಂಡಿರಿ, ಮುಂದೆ ಬೇಕಾಗುತ್ತದೆ.

1830ರ ನಂತರ ರೈಲು ಹಬ್ಬಿತು. ಬಾಡಿಗೆಯ ಪೈಪೋಟಿಯಲ್ಲಿ ದೋಣಿಯವರ ಗಳಿಕೆ ಬಿದ್ದುಹೋಯಿತು. ಕೂಲಿಯಾಳು ಇಟ್ಟುಕೊಳ್ಳಲು ಆಗದೆ, ದಂಡೆಯ ಮೇಲೆ ಬಾಡಿಗೆ ಮನೆ ಹಿಡಿಯಲೂ ಆಗದೆ, ಎಷ್ಟೋ ದೋಣಿಯವರು ಹೆಂಡತಿ ಮಕ್ಕಳನ್ನು ದೋಣಿಗೇ ತಂದರು. 70 ಅಡಿಯ ದೋಣಿಯಲ್ಲಿ ಬಹುಪಾಲು ಜಾಗ ಹೇರಿಗೆ. ಹಿಂದಿನ ತುದಿಯಲ್ಲಿ ಹತ್ತಡಿ ಉದ್ದ, ಏಳಡಿ ಅಗಲದ ಒಂದು ಗೂಡು: ಅದೇ ಅಡುಗೆ ಮನೆ, ಅದೇ ಮಲಗುವ ಮನೆ, ಅದೇ ಬಾಣಂತಿಯ ಕೋಣೆ. ಹೆಂಗಸು ಚುಕ್ಕಾಣಿ ಹಿಡಿಯುತ್ತಿದ್ದಳು, ಲಾಕಿನ ಕದ ನೂಕುತ್ತಿದ್ದಳು, ಒಂದು ಕೈಯಲ್ಲಿ ಕೂಸು ಹಿಡಿದು ಇನ್ನೊಂದರಲ್ಲಿ ಗಂಜಿ ತಿರುವುತ್ತಿದ್ದಳು. ಕೂಲಿಯ ಲೆಕ್ಕದಲ್ಲಿ ಮಾತ್ರ ಅವಳ ಹೆಸರಿಲ್ಲ. ಗಂಡನಿಗೆ ಬಂದದ್ದೇ ಇಬ್ಬರ ಕೂಲಿ. ಮಕ್ಕಳಿಗೆ ಶಾಲೆ ಎಲ್ಲಿಂದ ಬರಬೇಕು? ಇವತ್ತು ಈ ಊರು, ನಾಳೆ ಮುಂದಿನ ಊರು. ಕೋಲ್ವಿಲ್‌ನ ಜಾರ್ಜ್ ಸ್ಮಿತ್ ಎಂಬಾತ ಹಟ ಹಿಡಿದು ಕೂಗಿದ ಮೇಲೆ, 1877ರಲ್ಲಿ ದೋಣಿಗಳ ವಾಸಕ್ಕೆ ಕಾಯಿದೆ ಬಂತು. ಗೂಡಿನಲ್ಲಿ ಎಷ್ಟು ಜನ ಇರಬೇಕೆಂಬ ಕಟ್ಟಳೆ, ದೋಣಿಗಳ ನೋಂದಣಿ ಅಲ್ಲಿಂದ ಸುರುವಾದವು.

ಇಷ್ಟೆಲ್ಲ ಇಕ್ಕಟ್ಟಿನಲ್ಲೂ ಆ ಹೆಂಗಸರು ಗೂಡನ್ನು ಒಪ್ಪವಾಗಿ ಇಟ್ಟರು. ಕದ, ಬಕೀಟು, ನೀರಿನ ಪಾತ್ರೆಗಳ ಮೇಲೆಲ್ಲ ಗುಲಾಬಿ ಹೂವು, ಕೋಟೆಯ ಚಿತ್ರ. ಗೋಡೆಗೆ ಹಿತ್ತಾಳೆಯ ಗುಂಡಿಗಳು. ಅಂಚಿಗೆ ಕೈಯಿಂದ ಹೆಣೆದ ಲೇಸು. ಸ್ವಂತ ನೆಲವಿಲ್ಲದವರು ತಮ್ಮ ಗುರುತನ್ನು ಬಣ್ಣದಲ್ಲೂ ದಾರದಲ್ಲೂ ಇಟ್ಟುಕೊಳ್ಳುತ್ತಾರೆ. ನಮ್ಮ ಲಮಾಣಿ ಹೆಣ್ಣುಮಕ್ಕಳ ಕನ್ನಡಿ ಹೊಲಿಗೆ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ನಾರ್ತಾಂಪ್ಟನ್‌ಶಯರಿನ ಸ್ಟೋಕ್ ಬ್ರುಯರ್ನ್ ಎಂಬ ಕೆನಾಲಿನ ಹಳ್ಳಿಯಲ್ಲಿ ಸಿಸ್ಟರ್ ಮೇರಿ ವಾರ್ಡ್ ಎಂಬ ನರ್ಸು ದೋಣಿಯವರಿಗಾಗಿಯೇ ದವಾಖಾನೆ ನಡೆಸಿದಳು. ಊರಿನ ಜನ ಕೀಳಾಗಿ ಕಂಡ ದೋಣಿಯ ಹೆಂಗಸರು ತಮ್ಮ ಬಸಿರು, ಬಾಣಂತನ, ಕೂಸಿನ ಕೆಮ್ಮು ಎಲ್ಲ ಅವಳ ಮುಂದೆ ಬಿಚ್ಚುತ್ತಿದ್ದರು. 1951ರಲ್ಲಿ ಸರಕಾರ ಅವಳಿಗೆ ಪದಕ ಕೊಟ್ಟಿತು.

ಎರಡನೆಯ ಮಹಾಯುದ್ಧದಲ್ಲಿ ಗಂಡಾಳು ಕಡಿಮೆಯಾದಾಗ ಪೇಟೆಯ ತರುಣಿಯರು ತರಬೇತಿ ಪಡೆದು ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಹೇರಿನ ದೋಣಿ ನಡೆಸಿದರು. ಅವರ ಬಿಲ್ಲೆಯ ಮೇಲೆ ಒಳನಾಡ ಜಲಮಾರ್ಗ ಎಂಬುದರ ಎರಡು ಇಂಗ್ಲಿಷ್ ಅಕ್ಷರಗಳು, ‘ಐ’ ಮತ್ತು ‘ಡಬ್ಲ್ಯು’ ಇದ್ದವು. ಅದನ್ನು ‘ಐಡಲ್ ವಿಮೆನ್’, ಅಂದರೆ ಕೆಲಸವಿಲ್ಲದ ಹೆಂಗಸರು ಎಂದು ಜನ ನಗೆಯಾಡಿದರು. ದಿನವೆಲ್ಲ ದುಡಿಯುವ ಹೆಂಗಸಿಗೆ ‘ಮನೆಯಲ್ಲೇ ಇರ್ತಾಳೆ’ ಅನ್ನುವುದು ನಮ್ಮಲ್ಲಿ ಮಾತ್ರ ಅಲ್ಲ ಎನ್ನಿ.

1944ರಲ್ಲಿ ಎಲ್. ಟಿ. ಸಿ. ರೋಲ್ಟ್ ಎಂಬಾತ ಇಂಥ ದೋಣಿಯ ಪ್ರಯಾಣದ ಪುಸ್ತಕ ಬರೆದ. 1946ರಲ್ಲಿ ಅವನೂ ಗೆಳೆಯರೂ ಕೂಡಿ ಹೂಳು ತುಂಬಿ ಸಾಯುತ್ತಿದ್ದ ಕೆನಾಲುಗಳನ್ನು ಉಳಿಸಲು ಸಂಘ ಕಟ್ಟಿದರು. 1962-63ರ ಚಳಿಗಾಲದಲ್ಲಿ ನೀರು ತಿಂಗಳುಗಟ್ಟಲೆ ಹೆಪ್ಪುಗಟ್ಟಿ ಹೇರಿನ ಕಸುಬು ಹೆಚ್ಚುಕಡಿಮೆ ಮುಗಿದೇ ಹೋಯಿತು. ಮುಂದೆ ಬಂದದ್ದು ವಿಹಾರದ ಕಾಲ. ಇಂದು ಇಂಗ್ಲೆಂಡು ವೇಲ್ಸುಗಳಲ್ಲಿ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಲ್ಲಿ ಹುಟ್ಟಿದ ಒಂದು ಟ್ರಸ್ಟು ನೋಡಿಕೊಳ್ಳುತ್ತದೆ. ಅವುಗಳ ಮೇಲೆ ಮೂವತ್ತು ಸಾವಿರಕ್ಕೂ ಹೆಚ್ಚು ದೋಣಿಗಳಿವೆ. ಒಂದು ಕಾಲಕ್ಕೆ ಹೆಂಗಸರ ಬೆನ್ನು ಮುರಿದ ಆ ಗೂಡು ಈಗ ಬೆನ್ನು ಆನಿಸಿ ಕೂಡುವ ಜಾಗವಾಗಿದೆ.

ಈಗ ನಮ್ಮ ಎರೆನಾಡಿಗೆ ಬರೋಣ. ಅಲ್ಲಿ ಕಲ್ಲಿದ್ದಲು ದೋಣಿ ಹತ್ತಿದ ಕಾಲಕ್ಕೆ ನಮ್ಮಲ್ಲಿ ಹತ್ತಿ ಚಕ್ಕಡಿ ಹತ್ತುತ್ತಿತ್ತು. ಧಾರವಾಡ ಸೀಮೆಯ ಹತ್ತಿಗೆ ಸಮುದ್ರದ ಬಾಗಿಲು ಕುಮಟಾ. ಬೊಂಬಾಯಿಯ ಪೇಟೆಯಲ್ಲಿ ನಮ್ಮ ಜವಾರಿ ಹತ್ತಿಗೆ ‘ಕುಮಟಾ’ ಎಂದೇ ಹೆಸರು ಬಿತ್ತು. ಬೆಳೆದ ನೆಲದ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಉಳಿಯಿತು. 1840ರ ದಶಕದಲ್ಲಿ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಕಂಪನಿ ಸರಕಾರ ಅಮೇರಿಕದ ಬೀಜ ಹಾಕಿ ಬೆಳೆದು ನೋಡಿತು. 1861ರಲ್ಲಿ ಅಮೇರಿಕದಲ್ಲಿ ಒಳಯುದ್ಧ ಹತ್ತಿ ಅಲ್ಲಿಯ ಹತ್ತಿ ನಿಂತಾಗ, ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ನಮ್ಮ ಎರಿಹೊಲದ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಇಲಾಖೆಗೆ ಸೇರಿಸಿದ್ದರ ಹಿಂದೆಯೂ ಕಾರವಾರದ ಬಂದರು ಮತ್ತು ಧಾರವಾಡದ ಹತ್ತಿಯ ಲೆಕ್ಕಾಚಾರವಿತ್ತು.

ಆದರೆ ದಾರಿ? ನಮ್ಮ ಎರಿ ಮಣ್ಣಿನ ಗುಣ ನಿಮಗೆ ಗೊತ್ತು. ಬೇಸಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಹಿಟ್ಟಿನಂತೆ ಗಾಲಿಗೆ ಅಂಟುತ್ತದೆ. ತುಪ್ಪರಿಹಳ್ಳ, ಬೆಣ್ಣಿಹಳ್ಳಗಳು ಹೆಸರಿಗೆ ತುಪ್ಪ ಬೆಣ್ಣೆ. ಸೊಕ್ಕಿ ಬಂದರೆ ಊರಿಗೂ ಊರಿಗೂ ನಂಟು ಕಡಿದುಬಿಡುತ್ತವೆ. ಹತ್ತಿ ಬಿಡಿಸುವುದು ಶಿವರಾತ್ರಿ ಯುಗಾದಿಗಳ ಸುಮಾರಿಗೆ. ಮಳೆಗಾಲ ಹತ್ತಿ ಬಂದರು ಮುಚ್ಚುವುದರೊಳಗೆ ಅದನ್ನು ಸುಮಾರು ನೂರು ಮೈಲಿ ಸಾಗಿಸಿ, ಘಟ್ಟ ಇಳಿಸಿ, ಕಡಲು ಮುಟ್ಟಿಸಬೇಕು. ಎರಡೆತ್ತಿನ ಚಕ್ಕಡಿ ಎಷ್ಟೆಂದು ಹೊತ್ತೀತು? ಅದಕ್ಕೂ ಮೊದಲು ಲಮಾಣಿಗರು ಎತ್ತಿನ ಬೆನ್ನ ಮೇಲೆ ಹೇರು ಹಾಕಿ ಹೆಂಡಿರು ಮಕ್ಕಳ ಸಮೇತ ಘಟ್ಟ ಇಳಿಯುತ್ತಿದ್ದರು. ಮರಳುವಾಗ ಉಪ್ಪು ತರುತ್ತಿದ್ದರು. ದೋಣಿಯ ಹೆಂಗಸಿನಂತೆ ಲಮಾಣಿ ಹೆಂಗಸಿಗೂ ದಾರಿಯೇ ಮನೆ.

ಚಕ್ಕಡಿ ಹೊಡೆಯುವ ಗಂಡಸರ ಹಿಂದೆ ಹೆಂಗಸರು ಹೋಗುತ್ತಿರಲಿಲ್ಲ, ಅವರು ಕಟ್ಟಿದ ಬುತ್ತಿ ಹೋಗುತ್ತಿತ್ತು. ತಿಂಗಳಾದರೂ ಕೆಡದ ಕಟಕ ರೊಟ್ಟಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಶೇಂಗಾದ ಚಟ್ನಿ, ಒಂದಷ್ಟು ಉಳ್ಳಾಗಡ್ಡಿ. ಎತ್ತು ಬಿಟ್ಟಲ್ಲಿ, ಗಿಡದ ನೆರಳಿದ್ದಲ್ಲಿ, ಬಾವಿಯಲ್ಲಿ ನೀರಿದ್ದಲ್ಲಿ ಬುತ್ತಿ ಬಿಚ್ಚುವುದು. ಇಂಗ್ಲೆಂಡಿನ ಪಬ್ಬುಗಳಂತೆ ನಮ್ಮ ಹತ್ತಿಯ ದಾರಿಗೂ ಮಠ, ಧರ್ಮಶಾಲೆ, ಅರವಟ್ಟಿಗೆಗಳ ತಂಗುದಾಣವಿತ್ತು. ಆದರೆ ಈ ದಾರಿಯ ಊಟದ ಬಹುಪಾಲು ಮನೆಯಲ್ಲೇ, ಒಲೆಯ ಮುಂದೆ ಕುಳಿತ ಹೆಂಗಸಿನ ಅಂಗೈಯಲ್ಲಿ ತಟ್ಟಿದ್ದು. ಹತ್ತಿಯ ಚರಿತ್ರೆ ಬರೆದವರು ಅಂಡಿಗೆಗಳನ್ನು ಎಣಿಸಿದರು, ರೊಟ್ಟಿಗಳನ್ನು ಎಣಿಸಲಿಲ್ಲ.

ಈ ದಾರಿಯನ್ನು ನೀರಿನ ದಾರಿ ಮಾಡಬೇಕೆಂದು ಒಬ್ಬ ಕನಸು ಕಂಡಿದ್ದ. ಅವನ ಹೆಸರು ಸರ್ ಆರ್ಥರ್ ಕಾಟನ್, ಹೆಸರೇ ಹತ್ತಿ! 1847ರಿಂದ 1852ರವರೆಗೆ ಧವಳೇಶ್ವರದಲ್ಲಿ ಗೋದಾವರಿಗೆ ಅಣೆಕಟ್ಟು ಕಟ್ಟಿ, ಕಾಲುವೆಗಳಲ್ಲಿ ಬೆಳೆಗೆ ನೀರೂ ದೋಣಿಗೆ ದಾರಿಯೂ ಎರಡೂ ಆಗುವಂತೆ ಮಾಡಿದ ಎಂಜಿನಿಯರು. ಆಂಧ್ರದ ಜನ ಇಂದಿಗೂ ಅವನನ್ನು ನೆನೆಯುತ್ತಾರೆ. ಈ ದೇಶಕ್ಕೆ ರೈಲಿಗಿಂತ ಕೆನಾಲು ಅಗ್ಗ, ಬರಕ್ಕೂ ಮದ್ದು ಎಂದು ಅವನು ಜೀವಮಾನವೆಲ್ಲ ವಾದಿಸಿದ. 1870ರ ದಶಕದಲ್ಲಿ ಅವನು ಮುಂದಿಟ್ಟ ದೊಡ್ಡ ನಕಾಶೆಯಲ್ಲಿ ಕಲಕತ್ತೆಯಿಂದ ಕರಾಚಿಗೆ ಒಂದು ನೀರಿನ ಹಾದಿ, ಕಾಕಿನಾಡದಿಂದ ಸೂರತ್ತಿಗೆ ಇನ್ನೊಂದು. ಮತ್ತೂ ಒಂದು ಗೆರೆ ತುಂಗಭದ್ರೆಯನ್ನು ಹಿಡಿದು ಮೇಲೇರಿ ಕಾರವಾರದ ಕಡಲಿಗೆ ಇಳಿಯುತ್ತಿತ್ತು. ಆ ಗೆರೆ ಹೇಗೆ ಹಾಯ್ದರೂ ನಮ್ಮ ಧಾರವಾಡ ಸೀಮೆಯನ್ನೋ ಅದರ ಮಗ್ಗುಲನ್ನೋ ಮುಟ್ಟದೆ ಕಡಲು ಸೇರುವಂತಿರಲಿಲ್ಲ.

ಆ ಗೆರೆಯನ್ನು ಹುಚ್ಚು ಅನ್ನಲಿಕ್ಕೂ ಬಾರದು. 1876ರಿಂದ 78ರವರೆಗಿನ ಬರದಲ್ಲಿ ಈ ಸೀಮೆಯ ಜನ ಕಂಗೆಟ್ಟು ಊರು ಬಿಟ್ಟರು. ದನ ಸತ್ತವು. ದನ ಸತ್ತ ಮೇಲೆ ಚಕ್ಕಡಿ ಎಲ್ಲಿಂದ ಸಾಗಬೇಕು? ಚಕ್ಕಡಿ ಸಾಗದಿದ್ದರೆ ಬೇರೆ ಕಡೆ ಇದ್ದ ಕಾಳು ಹಸಿದವರ ಊರಿಗೆ ಹೇಗೆ ಬರಬೇಕು? ನೀರಿನ ಹಾದಿ ಇದ್ದಿದ್ದರೆ ಎಂಬ ಪ್ರಶ್ನೆಗೆ ಆಗ ಬೆಲೆ ಇತ್ತು.

ಉತ್ತರ ಮಾತ್ರ ನಮ್ಮ ನೆಲದಲ್ಲೇ ಇತ್ತು. ಇಂಗ್ಲೆಂಡಿನ ಅತಿ ಉದ್ದದ ಲಾಕುಗಳ ಸಾಲು ಟಾರ್ಡ್‌ಬಿಗ್ ಎಂಬಲ್ಲಿದೆ. ಒಂದರ ಮೇಲೊಂದು 30 ಲಾಕು. ಅಷ್ಟಕ್ಕೂ ಅದು ಏರುವುದು 220 ಅಡಿ. ನಮ್ಮ ಘಟ್ಟ ಒಂದೂವರೆ ಸಾವಿರ ಅಡಿಗಿಂತ ಹೆಚ್ಚು. ಅದೇ ಲೆಕ್ಕದಲ್ಲಿ ಇನ್ನೂರಕ್ಕೂ ಮಿಕ್ಕಿ ಲಾಕು ಬೇಕು. ಇನ್ನು ಸೆರಗಿಗೆ ಕಟ್ಟಿಕೊಂಡ ಅಂಕಿಯನ್ನು ಬಿಚ್ಚಿ. ಒಂದು ಲಾಕಿಗೆ ಒಂದು ಲಕ್ಷ ಲೀಟರು. ನಮ್ಮ ಕೊಡಕ್ಕೆ ಹದಿನೈದು ಲೀಟರು ಹಿಡಿಯುತ್ತದೆ ಎನ್ನಿ. ಆರೂವರೆ ಸಾವಿರ ಕೊಡಕ್ಕೂ ಹೆಚ್ಚಾಯಿತು. ಒಂದು ದೋಣಿ ಒಂದು ಮೆಟ್ಟಿಲು ಇಳಿಯಲು ಆರೂವರೆ ಸಾವಿರ ಕೊಡ! ಅವರ ನಾಡಿನಲ್ಲಿ ವರ್ಷದುದ್ದಕ್ಕೂ ಜಿನುಗುವ ಮಳೆಯಿದೆ. ನಮ್ಮಲ್ಲಿ ನಾಲ್ಕು ತಿಂಗಳು ಸುರಿದು ಹೋಗುವ ಮಳೆ, ಉಳಿದ ಎಂಟು ತಿಂಗಳು ಬಿಸಿಲು. ಹತ್ತಿ ಸಾಗಿಸುವ ಹೊತ್ತು ಬೇಸಗೆ. ಆ ಹೊತ್ತಿಗೆ ಹಳ್ಳದಲ್ಲಿ ಒರತೆ ತೋಡಿ ಬಟ್ಟಲಿನಿಂದ ನೀರು ಮೊಗೆಯುವ ನಾಡು ನಮ್ಮದು.

ತುಂಗಭದ್ರೆಯ ಕೆಳಭಾಗದಲ್ಲಿ ಸುಂಕೇಸುಲದ ಬಳಿ ಒಂದು ಖಾಸಗಿ ಕಂಪನಿ 1860ರ ದಶಕದಲ್ಲಿ ಕರ್ನೂಲು–ಕಡಪ ಕಾಲುವೆಯನ್ನು ತೋಡಿತು. ಬೆಳೆ, ದೋಣಿ ಎರಡಕ್ಕೂ ಆಗಲಿ ಎಂಬ ಆಸೆ. ನಷ್ಟದ ಮೇಲೆ ನಷ್ಟವಾಗಿ 1882ರಲ್ಲಿ ಸರಕಾರವೇ ಕೊಳ್ಳಬೇಕಾಯಿತು. ಕಾಟನ್ನನ ಗೆರೆ ನಮ್ಮವರೆಗೆ ಬರಲಿಲ್ಲ. 1884ರಲ್ಲಿ ಗದಗು, ಹುಬ್ಬಳ್ಳಿಗೆ ರೈಲು ಬಂತು. ಅಣ್ಣಿಗೇರಿಯ ಹತ್ತಿ ರೈಲು ಹತ್ತಿತು. 1888ಕ್ಕೆ ಕ್ಯಾಸಲ್‌ರಾಕ್ ಇಳಿದು ಗೋವೆಯ ಮುರಗಾಂವ ಬಂದರಿಗೆ ರೈಲುದಾರಿ ತೆರೆಯಿತು. ಕುಮಟೆಯ ಚಕ್ಕಡಿಗಳ ಸಾಲು ತೆಳುವಾಯಿತು. ಲಮಾಣಿಗರ ಹೇರಿನ ಕಸುಬು ಕುಸಿದು, ಅವರು ತಾಂಡಾ ಕಟ್ಟಿಕೊಂಡು ಕೂಲಿಗೆ ಇಳಿದರು. ರೈಲು ಅಲ್ಲಿಯ ದೋಣಿಯ ಹೆಂಗಸಿಗೆ ಮಾಡಿದ್ದನ್ನೇ ಇಲ್ಲಿಯ ದಾರಿಯ ಹೆಂಗಸಿಗೂ ಮಾಡಿತು.

ಕೆನಾಲು ನಮ್ಮ ಸೀಮೆಗೆ ಬಂದದ್ದು ಅದಾಗಿ ಎಷ್ಟೋ ಕಾಲದ ಮೇಲೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿಯ ನವಿಲುತೀರ್ಥದಲ್ಲಿ ಆಣೆಕಟ್ಟು ಕಟ್ಟಿ, 1970ರ ದಶಕದಲ್ಲಿ ನವಲಗುಂದ, ನರಗುಂದದ ಕಡೆ ನೀರು ಹರಿಸಿದರು. ಇದು ಬೆಳೆಯ ಕೆನಾಲು. ದೋಣಿಯ ಕೆನಾಲಿನಲ್ಲಿ ನೀರು ನಿಂತಿರಬೇಕು. ಬೆಳೆಯ ಕೆನಾಲಿನಲ್ಲಿ ನೀರು ಹರಿದು ಖಾಲಿಯಾಗಬೇಕು. ಸರದಿಯ ಮೇಲೆ ಬಿಡುವ ನೀರು, ಹರಿಯಲು ಇಳಿಜಾರು, ಅಲ್ಲಲ್ಲಿ ಅಡ್ಡಗಟ್ಟುವ ಗೇಟು, ತಗ್ಗಿನ ಸೇತುವೆ. ಇದರಲ್ಲಿ ದೋಣಿ ಹೋಗುವ ಮಾತೇ ಇಲ್ಲ. ದಂಡೆಯ ಮೇಲೆ ಪಬ್ಬಿನ ಬದಲು ಬಟ್ಟೆ ಒಗೆಯುವ ಕಲ್ಲು ಬಂದವು, ದನದ ಮೈ ತೊಳೆಯುವ ಇಳಿಜಾರು ಬಂತು.

ನೀರಿನೊಡನೆ ಹಕ್ಕಿನ ಪ್ರಶ್ನೆಯೂ ಹರಿದು ಬಂತು. ಕೆಲವರ ಹೊಲಕ್ಕೆ ನೀರೇ ಮುಟ್ಟಲಿಲ್ಲ, ಕೆಲವರ ಎರಿಹೊಲ ನೀರು ನಿಂತು ಸವಳಾಯಿತು. ಸುಧಾರಣೆ ಕರದ ನೋಟೀಸು ಮಾತ್ರ ಎಲ್ಲರಿಗೂ ಮುಟ್ಟಿತು. ರೈತರು ಸಂಘಟಿತರಾದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರು ನಡೆದು ರೈತರು ಸತ್ತರು. ಇಡೀ ರಾಜ್ಯದ ರೈತ ಚಳವಳಿಗೆ ಅಲ್ಲಿಂದ ಬಲ ಬಂತು. ಪ್ರತಿ ವರ್ಷ ಆ ದಿನ ವೀರಗಲ್ಲಿನ ಮುಂದೆ ಜನ ಸೇರುತ್ತಾರೆ. ಮಲಪ್ರಭೆಗೆ ಮಹದಾಯಿಯ ನೀರು ತಿರುಗಿಸುವ ಕಳಸಾ-ಬಂಡೂರಿಯ ಬೇಡಿಕೆ ಅದರ ಬೆನ್ನಿಗೇ ಬೆಳೆದದ್ದು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಮಹದಾಯಿಯಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ಹೇಳಿತು. ಅದರಲ್ಲಿ ಕಳಸಾ-ಬಂಡೂರಿಯ ಪಾಲು 3.9 ಟಿಎಂಸಿ. ಆ ಹೋರಾಟದ ಮೆರವಣಿಗೆಗಳಲ್ಲಿ ಖಾಲಿ ಕೊಡ ಹಿಡಿದು ನಡೆದವರು ಯಾರೆಂಬುದನ್ನು ಪೇಪರಿನ ಫೋಟೋ ನೋಡಿದರೂ ಸಾಕು.

ಆ ಕೊಡಕ್ಕೆ ಕಾರಣವಿದೆ. ಎರಿ ನಾಡಿನ ಬಾವಿಯ ನೀರು ಬಹಳ ಕಡೆ ಸವಳು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಅದಕ್ಕೇ ನಮ್ಮ ಕಡೆ ಕುಡಿಯುವ ನೀರು ಅಂದರೆ ಕೆರೆಯ ನೀರು. ನವಲಗುಂದಕ್ಕೆ ನೀಲಮ್ಮನ ಕೆರೆ ಇರುವ ಹಾಗೆ ಊರೂರಿಗೂ ಒಂದು ಕೆರೆ. ಸೊಸೆ ತರುವಾಗ ಮನೆತನದ ಜೊತೆ ಕೆರೆಯ ದೂರವನ್ನೂ ಹೆಣ್ಣಿನ ಕಡೆಯವರು ಕೇಳುತ್ತಿದ್ದರು. ನವಲಗುಂದದ ಹೆಸರುವಾಸಿ ಜಮಖಾನೆ ನೇಯುವ ಹೆಣ್ಣುಮಕ್ಕಳೂ ಮಗ್ಗದ ಮುಂದೆ ಕೂಡುವ ಮುನ್ನ ನೀರು ತಂದಿಡಬೇಕಲ್ಲ.

ಪಟ್ಟಣದಲ್ಲಿ ಇರುವ ನಮಗೂ ಈ ಕೆನಾಲಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿಯಾರು. ಹುಬ್ಬಳ್ಳಿ ಧಾರವಾಡದ ನಳದಲ್ಲಿ ಬರುವ ಮಲಪ್ರಭೆಯ ನೀರು ಅದೇ ನವಿಲುತೀರ್ಥದ್ದು. ವಾರಕ್ಕೊಮ್ಮೆ ನಳ ಬಂದ ದಿನಗಳಲ್ಲಿ ನಡುರಾತ್ರಿ ಎದ್ದು ಪಾತ್ರೆ ಪಗಡ ತುಂಬಿಸಿಟ್ಟವರಿಗೆ ಆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಕೆನಾಲಿಗೆ ನೀರು ಬಿಡುವುದಿಲ್ಲ, ಕುಡಿಯಲು ಇರಲಿ ಅನ್ನುತ್ತಾರೆ. ಆ ಕುಡಿಯುವವರು ಬಹಳ ಮಟ್ಟಿಗೆ ನಾವು, ಪೇಟೆಯವರು. ನಮ್ಮ ಹಂಡೆ ತುಂಬಿದ ದಿನ ನವಲಗುಂದದ ಕಡೆ ಒಂದು ಹೊಲದ ಕಡಲೆ ಬಾಡುತ್ತಿರಬಹುದು, ಆ ಹೊಲದ ಹೆಂಗಸು ಕೂಲಿ ಹುಡುಕಿ ಅದೇ ಹುಬ್ಬಳ್ಳಿಯ ಬಸ್ಸು ಹತ್ತುತ್ತಿರಬಹುದು.

ದೋಣಿಯಲ್ಲಿ ಕೂತು ನಿಧಾನ ಸಾಗುತ್ತ, ಸಂಜೆಗೊಂದು ಹಳ್ಳಿಯಲ್ಲಿ ಇಳಿದು ಉಂಡು ಮಲಗುವ ಸುಖ ದೊಡ್ಡದೇ. ಸುಖಪಡುವವರನ್ನು ಕಂಡು ಕರುಬುವುದೇಕೆ? ನಮ್ಮ ಕೆನಾಲಿಗೆ ಅಂಥ ಸುಖ ಬರಲಿಲ್ಲ, ಬರುವುದೂ ಇಲ್ಲ. ನೀರು ಅಷ್ಟು ಇಲ್ಲ. ಆದರೆ ಹಿಂಗಾರಿಗೆ ಗೇಟು ಎತ್ತಿದ ದಿನ ಕೆನಾಲಿನ ಕೆಂಪು ನೀರು ಒಣ ಎಲೆ ತಳ್ಳಿಕೊಂಡು ಬರುವುದನ್ನು ನೋಡಲು ಊರ ಹೆಣ್ಣುಮಕ್ಕಳು ದಂಡೆಗೆ ಬರುತ್ತಾರೆ. ಅರಿಷಿಣ ಕುಂಕುಮ ಹಾಕಿ, ಒಂದು ಕಾಯಿ ಒಡೆದು, ‘ಬಂತವಾ ಗಂಗವ್ವ’ ಎಂದು ಕೈ ಮುಗಿಯುತ್ತಾರೆ. ಆಮೇಲೆ ಕೊಡ ತುಂಬಿಕೊಂಡು, ಸಿಂಬಿಯ ಮೇಲೆ ಇಟ್ಟುಕೊಂಡು, ಮನೆಯ ಹಾದಿ ಹಿಡಿಯುತ್ತಾರೆ.